ದೇಹ ಬೇಡವೆಂದ ವಿಟಮಿನ್ ಡಿ, ಮಾತ್ರೆಯಾಗಿ ಬೇಕೆ?

ತಪ್ಪು ಕಲ್ಪನೆ: ವಿಟಮಿನ್ ಡಿ ದೇಹದೊಳಗೆ ಹೇಗಿದ್ದರೂ ಹಲವು ರೂಪ ತಾಳುತ್ತದೆ. ಸಾದಾ ಡಿ3 ಬದಲು ಮುಂದಿನ ರೂಪವನ್ನೇ ನುಂಗಿದರೆ ದೇಹಕ್ಕೆ ಶ್ರಮ ಕಡಿಮೆ, ಗುಣ ಬೇಗ.

ಸತ್ಯ: ಮುಂದಿನ ರೂಪ ಎಂದರೆ ಯಾವುದು? ಬಿಸಿಲಿನಿಂದಲೋ ಸ್ಯಾಶೆಯಿಂದಲೋ ಬಂದ ಡಿ3ಯನ್ನು ಮೊದಲು ಲಿವರ್ ಕ್ಯಾಲ್ಸಿಫೆಡಿಯಾಲ್ ಆಗಿ ಮಾರ್ಪಡಿಸುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ‘25-ಹೈಡ್ರಾಕ್ಸಿ ವಿಟಮಿನ್ ಡಿ’ ಎಂದು ಕಾಣುವುದು ಇದೇ. ಆಮೇಲೆ ದಾರಿ ಎರಡು. ಕಿಡ್ನಿ ತನಗೆ ಬೇಕೆನಿಸಿದಷ್ಟನ್ನು ಕ್ಯಾಲ್ಸಿಟ್ರಿಯಾಲ್ ಎಂಬ ಹಾರ್ಮೋನ್ ಮಾಡಿಕೊಳ್ಳುತ್ತದೆ. ಇನ್ನಷ್ಟನ್ನು ಸಿವೈಪಿ24ಎ1 ಎಂಬ ಕಿಣ್ವ 24,25-ಡೈಹೈಡ್ರಾಕ್ಸಿ ವಿಟಮಿನ್ ಡಿ ಆಗಿಸಿ ವಿಲೇವಾರಿಗೆ ಕಳಿಸುತ್ತದೆ. ಕೆಲಸ ಮುಗಿದ ಹಾರ್ಮೋನನ್ನೂ ಒಡೆದುಹಾಕುವುದು ಈ ಕಿಣ್ವವೇ.

ಈ 24,25 ರೂಪಕ್ಕೂ ಏನೋ ಗುಣವಿರಬೇಕು ಎಂಬ ಆಸೆಗೆ ಆಧಾರ ಇಲ್ಲದಿಲ್ಲ. ಆ ಕಿಣ್ವವೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಮುರಿದ ಮೂಳೆ ಸರಿಯಾಗಿ ಕೂಡಲಿಲ್ಲ, ಈ ರೂಪವನ್ನು ಕೊಟ್ಟಾಗ ಸುಧಾರಿಸಿತು. ಆದರೆ ಅವು ಅದನ್ನು ತಯಾರಿಸಲಾಗದ ಇಲಿಗಳು. ನಮ್ಮ ಮೈಯಲ್ಲಿ ಡಿ ಹೆಚ್ಚಿದಷ್ಟೂ ಈ ರೂಪವೂ ತಾನಾಗಿ ಹೆಚ್ಚುತ್ತದೆ. ಡಿ3 ಸಾಕಷ್ಟಿರುವವರ ರಕ್ತದಲ್ಲಿ ಅದು ಆಗಲೇ ಹರಿದಾಡುತ್ತಿರುವಾಗ ದುಡ್ಡು ಕೊಟ್ಟು ಕೊಳ್ಳುವುದು ಯಾಕೆ?

ಸಿವೈಪಿ24ಎ1 ಕಿಣ್ವದ ಈ ಒಡೆಯುವ ಕೆಲಸ ಎಷ್ಟು ಮುಖ್ಯ ಎಂಬುದು ತಿಳಿದದ್ದು ಮಕ್ಕಳಿಂದ. ರಿಕೆಟ್ಸ್ ಬಾರದಿರಲೆಂದು ಎಲ್ಲರಿಗೂ ಕೊಡುವ ಡಿ ಹನಿಗಳಿಂದಲೇ ಕೆಲವು ಕೂಸುಗಳ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ತೂಕ ಇಳಿಕೆ, ಕಿಡ್ನಿಯಲ್ಲಿ ಕ್ಯಾಲ್ಸಿಯಂ ಶೇಖರಣೆ ಆಗುತ್ತಿತ್ತು. ಅಂಥ ಮಕ್ಕಳಲ್ಲಿ ಈ ಕಿಣ್ವದ ಜೀನ್ ಕೆಟ್ಟಿರುವುದು 2011ರಲ್ಲಿ ಪ್ರಕಟವಾಯಿತು.

ತಪ್ಪು ಕಲ್ಪನೆ: ಹಾಗಾದರೆ ಹಾರ್ಮೋನ್ ರೂಪದ ಕ್ಯಾಲ್ಸಿಟ್ರಿಯಾಲ್ ಎಲ್ಲಕ್ಕಿಂತ ಒಳ್ಳೆಯದು.

ಸತ್ಯ: ವಾರಕ್ಕೊಮ್ಮೆ ಕುಡಿಯುವ 60,000 ಯೂನಿಟ್ ಸ್ಯಾಶೆಯಲ್ಲಿ 1,500 ಮೈಕ್ರೋಗ್ರಾಂ ಡಿ3 ಇರುತ್ತದೆ. ಕ್ಯಾಲ್ಸಿಟ್ರಿಯಾಲ್ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ 0.25 ಮೈಕ್ರೋಗ್ರಾಂ. ಅಷ್ಟು ಸಾಕು, ಯಾಕೆಂದರೆ ಅದು ಕಿಡ್ನಿಯ ಹಿಡಿತ ತಪ್ಪಿಸಿ ನೇರ ಕೆಲಸಕ್ಕಿಳಿಯುತ್ತದೆ. ಕಿಡ್ನಿ ಸೋತವರಿಗೆ, ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮಾಡದವರಿಗೆ ಅದು ನಿಜವಾದ ಔಷಧ, ಅದೂ ಕ್ಯಾಲ್ಸಿಯಂ ಮಟ್ಟ ನೋಡಿಕೊಳ್ಳುತ್ತಾ. ನಮ್ಮಲ್ಲಿ ಮಾತ್ರ ಇದನ್ನು ಕ್ಯಾಲ್ಸಿಯಂ ಜೊತೆ ಬೆರೆಸಿದ ಕ್ಯಾಪ್ಸೂಲುಗಳು ಮಂಡಿನೋವಿಗೂ ಸುಸ್ತಿಗೂ ಸಲೀಸಾಗಿ ಕೈ ಸೇರುತ್ತವೆ. ಇದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಅಂಥ ಸ್ಟ್ರಿಪ್ ಇದ್ದರೆ ಹಿಂಬದಿಯ ಸಣ್ಣಕ್ಷರ ಓದಿ, ಯಾಕೆ ಬರೆದರೆಂದು ಡಾಕ್ಟರನ್ನೇ ಕೇಳಿ.

ಉಳಿದದ್ದು ಕ್ಯಾಲ್ಸಿಫೆಡಿಯಾಲ್. ಇದು ಡಿ3ಗಿಂತ ಬೇಗ ರಕ್ತದ ಮಟ್ಟ ಏರಿಸುತ್ತದೆ, ನಿಜ. ಲಿವರ್ ದುರ್ಬಲವಾದವರಿಗೆ, ಕೊಬ್ಬು ಅರಗಿಸಿಕೊಳ್ಳಲಾಗದವರಿಗೆ ಉಪಯೋಗವಿದೆ. ಮಿಕ್ಕವರಿಗೆ ಅಗ್ಗದ ಡಿ3 ಸಾಕು.