ನೀರಿನ ಎತ್ತರದ ಲೆಕ್ಕ: ಹಂಪಿಯ ಕಾಲುವೆಗಳ ದಂಡೆಯಲ್ಲಿ ಎರಡು ದಿನ

ಹಂಪಿಗೆ ಹೋಗಿ ಬಂದವರನ್ನು 'ಏನೇನು ನೋಡಿದಿರಿ?' ಎಂದು ಕೇಳಿ. ವಿರೂಪಾಕ್ಷನ ಗೋಪುರ, ಕಲ್ಲಿನ ರಥ, ಉಗ್ರನರಸಿಂಹ ಎಂದು ಪಟ್ಟಿ ಕೊಡುತ್ತಾರೆ. ಕಮಲಾಪುರದ ರಸ್ತೆಯಲ್ಲಿ ಅವರೇ ದಾಟಿ ಬಂದ ಕಾಲುವೆ ಆ ಪಟ್ಟಿಯಲ್ಲಿ ಇರುವುದಿಲ್ಲ. ಮಳೆಯನ್ನೇ ನಂಬಿದ ಕುರ್ತಕೋಟಿಯಂಥ ಎರೆಭೂಮಿಯ ಊರಿನಿಂದ ಹೋದವರಿಗಾದರೂ ಅದು ಕಣ್ಣಿಗೆ ಬೀಳಬೇಕು. ಸುತ್ತ ಬೋಳು ಬಂಡೆ, ನಡುವೆ ಬಾಳೆ, ಕಬ್ಬು, ಭತ್ತ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ ಈ ಹಸಿರು ಎಲ್ಲಿಂದ ಬಂತು?

ಗದಗಿನಿಂದ ಹೊಸಪೇಟೆಗೆ ರೈಲಿನಲ್ಲಿ ಸುಮಾರು 85 ಕಿ.ಮೀ. ಎರಡು ದಿನದ ಬಿಡುವಿದ್ದರೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ. ಜೊತೆಗೆ ಅಳತೆಪಟ್ಟಿ, ಒಂದು ಉದ್ದನೆಯ ಕೋಲು, ಕೈಗಡಿಯಾರ, ನಾಲ್ಕು ಕಿತ್ತಳೆಹಣ್ಣು ಇರಲಿ. ಕಿತ್ತಳೆ ತಿನ್ನುವುದಕ್ಕಲ್ಲ, ತೇಲಿಬಿಡುವುದಕ್ಕೆ. ಕಾಲುವೆಗೆ ನೀರು ಬಿಟ್ಟಿದ್ದಾರೆಯೇ ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಹಲವು ಅಣೆಕಟ್ಟೆಗಳು ಎದ್ದವು. ಇವು ಈಗಿನ ಅಣೆಕಟ್ಟಿನಂತೆ ನದಿಯನ್ನು ತಡೆದು ನಿಲ್ಲಿಸುವ ಗೋಡೆಗಳಲ್ಲ. ನದಿಯಲ್ಲಿ ಮೊದಲೇ ಇದ್ದ ಬಂಡೆಗಳನ್ನು ಹಿಡಿದುಕೊಂಡು, ಅವುಗಳ ನಡುವಿನ ಸಂದುಗಳಿಗೆ ದೊಡ್ಡ ಕಲ್ಲುಗಳನ್ನು ಪೇರಿಸಿದ ತಗ್ಗಾದ ಕಟ್ಟೆಗಳು. ಆದ್ದರಿಂದಲೇ ಅವು ನೇರ ಗೆರೆಯಲ್ಲಿಲ್ಲ. ಪ್ರವಾಹ ಬಂದರೆ ನೀರು ಮೇಲೆ ಹರಿದು ಹೋಗುತ್ತದೆ. ಉಳಿದ ದಿನಗಳಲ್ಲಿ ನೀರಿನ ಮಟ್ಟ ಕಾಲುವೆಯ ಬಾಯಿಗೆ ಸಿಕ್ಕುವಷ್ಟು ಏರಿದರೆ ಸಾಕು. ಸುಮಾರು 1535ರಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಹಿಂದಿನ ಅರಸನೊಬ್ಬ ದೊಡ್ಡ ಬಂಡೆಗಳನ್ನು ಹಾಕಿಸಿ ನದಿಯನ್ನು ತಿರುಗಿಸಿದ ಕಥೆಯನ್ನು ಬರೆದಿಟ್ಟಿದ್ದಾನೆ.

ಅಲ್ಲಿಂದ ಮುಂದಿನದು ಎತ್ತರದ ಲೆಕ್ಕ. ಕಾಲುವೆಯ ನೀರು ಒಮ್ಮೆ ಕಳೆದುಕೊಂಡ ಎತ್ತರವನ್ನು ತಾನಾಗಿ ಮರಳಿ ಪಡೆಯಲಾರದು. ಇಳಿಜಾರು ಹೆಚ್ಚು ಕೊಟ್ಟರೆ ನೀರು ಬೇಗನೆ ತಗ್ಗಿಗೆ ಇಳಿದು, ಮೇಲಿನ ಹೊಲಗಳು ಒಣಗುತ್ತವೆ. ಕಡಿಮೆ ಕೊಟ್ಟರೆ ನೀರು ತೆವಳಿ ಹೂಳು ತುಂಬುತ್ತದೆ. ಎಷ್ಟು ಇಳಿಜಾರು ಬೇಕು? ಅಳೆದು ನೋಡೋಣ.

ಹಂಪಿಯ ಕಣಿವೆಯಲ್ಲಿ ಹರಿಯುವ ತುರ್ತಾ ಕಾಲುವೆಯ ದಂಡೆಯಲ್ಲಿ 20 ಮೀಟರ್ ನೇರ ಭಾಗವನ್ನು ಗುರುತಿಸಿ ಕಿತ್ತಳೆಯನ್ನು ಬಿಡಿ. ನೀರಿಗೆ ಇಳಿಯುವುದು ಬೇಡ. ಆಳವನ್ನು ಕಿರುಸೇತುವೆಯ ಮೇಲೆ ನಿಂತು ಕೋಲಿನಿಂದ ಅಳೆಯಬಹುದು. ಹಣ್ಣು 40 ಸೆಕೆಂಡಿನಲ್ಲಿ ದಾಟಿತು, ಅಗಲ 3 ಮೀಟರ್, ಆಳ 80 ಸೆಂ.ಮೀ. ಎಂದಿಟ್ಟುಕೊಳ್ಳಿ. ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳ ಮತ್ತು ಬದಿಗಳಲ್ಲಿ ಘರ್ಷಣೆ ಇರುವುದರಿಂದ ಸರಾಸರಿ ವೇಗ ಅದರ ಸುಮಾರು 0.85 ಭಾಗ. ಅಂದರೆ ಸೆಕೆಂಡಿಗೆ ಸುಮಾರು ಒಂದು ಘನ ಮೀಟರ್ ನೀರು. ಇದನ್ನು ಮ್ಯಾನಿಂಗ್ ಸೂತ್ರಕ್ಕೆ ಹಾಕಿ, ಒರಟುತನದ ಗುಣಾಂಕ 0.03 ಎಂದು ತೆಗೆದುಕೊಂಡರೆ, ಇಳಿಜಾರು ಕಿಲೋಮೀಟರಿಗೆ ಸುಮಾರು 40 ಸೆಂ.ಮೀ. ಬರುತ್ತದೆ. 15 ಕಿ.ಮೀ. ಉದ್ದಕ್ಕೆ 6 ಮೀಟರ್! ಮ್ಯಾನಿಂಗ್ ತನ್ನ ಸೂತ್ರವನ್ನು ಮಂಡಿಸಿದ್ದು 19ನೇ ಶತಮಾನದ ಕೊನೆಯಲ್ಲಿ. ಕಾಲುವೆ ತೋಡಿದವರ ಬಳಿ ಸೂತ್ರವಿರಲಿಲ್ಲ. ಅವರಿಗೆ ನೀರೇ ಮಟ್ಟಗೋಲು.

ತರಗತಿಗೆ ಇಲ್ಲೊಂದು ಪ್ರಶ್ನೆ ಇದೆ. 6 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು 11 ಮೀಟರ್ ಆಗಬೇಕು. ಕಾಲುವೆಯ ನೀರು ಅಷ್ಟೇ ಇಳಿದರೂ ಅರ್ಧ ಮೀಟರ್ ವೇಗವನ್ನೂ ಮುಟ್ಟಲಿಲ್ಲವೇಕೆ? ಪ್ರಚ್ಛನ್ನ ಶಕ್ತಿಯೆಲ್ಲ ಎಲ್ಲಿ ಹೋಯಿತು? ಘರ್ಷಣೆಯಲ್ಲಿ ಉಷ್ಣವಾಯಿತು. ಆದರೆ ನೀರಿನ ತಾಪ ಏರಿದ್ದು 0.014 ಡಿಗ್ರಿ ಮಾತ್ರ. ನಮ್ಮ ಉಷ್ಣಮಾಪಕಕ್ಕೆ ಅದು ಕಾಣದು. ಅಷ್ಟೇ ನೀರನ್ನು ಪಂಪಿನಿಂದ 10 ಮೀಟರ್ ಎತ್ತಬೇಕಾದರೆ ನಷ್ಟವೇ ಇಲ್ಲವೆಂದರೂ 100 ಕಿಲೋವ್ಯಾಟ್, ಎಂದರೆ ಸುಮಾರು 134 ಅಶ್ವಶಕ್ತಿ ಬೇಕು. ಏತ ನೀರಾವರಿಯ ವಿದ್ಯುತ್ ಬಿಲ್ಲು ಹುಟ್ಟುವುದು ಇಲ್ಲಿಯೇ.

ಎರಡನೆಯ ದಿನ ಅರಮನೆಯ ಆವರಣಕ್ಕೆ ಹೋಗಿ. ಅದು ಕಣಿವೆಯ ಕಾಲುವೆಗಿಂತ ಎತ್ತರದ ನೆಲ. ಆ ನೀರು ಇಲ್ಲಿಗೆ ಏರದು. ಅದಕ್ಕಾಗಿ ಕಮಲಾಪುರದ ಕೆರೆಯ ದಿಕ್ಕಿನಿಂದ ನೀರು ತರುವ ಬೇರೆ ಏರ್ಪಾಡಿತ್ತು. ಮಹಾನವಮಿ ದಿಬ್ಬದ ಬಳಿ ಕಂಬಗಳ ಮೇಲೆ ನಿಂತ ಕಲ್ಲಿನ ಮೇಲ್ಗಾಲುವೆಯನ್ನು ನೋಡಿ: ತಗ್ಗಿನಲ್ಲಿಯೂ ನೀರಿನ ಎತ್ತರವನ್ನು ಬಿಟ್ಟುಕೊಡಬಾರದು ಎಂಬ ಹಟ ಅದರಲ್ಲಿದೆ. ಹತ್ತಿರದ ಮೆಟ್ಟಿಲುಕೊಳದ ಕಲ್ಲುಗಳ ಮೇಲೆ ಅವುಗಳ ಸ್ಥಾನ ಸೂಚಿಸುವ ಗುರುತುಗಳಿವೆ. ಮಕ್ಕಳಿಗೆ ಹುಡುಕಲು ಹೇಳಿ. ಹಿಂತಿರುಗುವಾಗ ಬಡವಿಲಿಂಗದ ಗುಡಿಯನ್ನು ಮರೆಯಬೇಡಿ. ಅದರ ಪೀಠ ನಿಂತಿರುವುದೇ ಕಾಲುವೆಯ ನೀರಿನಲ್ಲಿ.

1565ರ ನಂತರ ರಾಜಧಾನಿ ಹಾಳಾಯಿತು, ಕಾಲುವೆ ಹಾಳಾಗಲಿಲ್ಲ. ಅರಮನೆಗೆ ವಾರಸುದಾರರಿರಲಿಲ್ಲ, ಕಾಲುವೆಗೆ ಅದರ ನೀರು ಉಣ್ಣುವ ರೈತರಿದ್ದರು. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ವಲ್ಲಭಾಪುರದ ಹಳೆಯ ಅಣೆಕಟ್ಟೆ ಮುಳುಗಿತು. ಬಸವಣ್ಣ ಕಾಲುವೆ, ರಾಯ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು.

ಇತ್ತೀಚೆಗೆ ಈ ಕಾಲುವೆಗಳ ಆಧುನೀಕರಣವೂ ನಡೆದಿದೆ. ಕಾಂಕ್ರೀಟ್ ಹೊದಿಸಿದರೆ ಸೋರಿಕೆ ಕಡಿಮೆಯಾಗುತ್ತದೆ, ನಿಜ. ಆದರೆ ನಮ್ಮ ಲೆಕ್ಕವನ್ನೇ ಮತ್ತೆ ಮಾಡಿ. ಒರಟುತನ 0.03ರಿಂದ 0.015ಕ್ಕೆ ಇಳಿದರೆ, ಅದೇ ಇಳಿಜಾರಿನಲ್ಲಿ ಅದೇ ಒಂದು ಘನ ಮೀಟರ್ ನೀರು ಬೇಗ ಹರಿದು, ಆಳ 80ರಿಂದ 50 ಸೆಂ.ಮೀ.ಗೆ ಕುಸಿಯುತ್ತದೆ. ಹೊಲಕ್ಕೆ ನೀರು ಬಿಡುವ ತೂಬು ತಳದಿಂದ 60 ಸೆಂ.ಮೀ. ಮೇಲಿದ್ದರೆ? ಕಾಲುವೆ ತುಂಬ ನೀರು ಓಡುತ್ತಿದ್ದರೂ ಆ ಹೊಲಕ್ಕೆ ಹನಿ ಸಿಗದು. ಸೋರಿಕೆಯನ್ನೇ ನಂಬಿದ್ದ ದಂಡೆಯ ಬಾವಿಗಳ ಗತಿ ಬೇರೆ. ಕಾಂಕ್ರೀಟ್ ಬೇಡವೆಂದು ನಾನು ಹೇಳುತ್ತಿಲ್ಲ. ಹೊದಿಸಿದ ಕಡೆ ತೂಬಿನ ಮಟ್ಟವನ್ನೂ ತಗ್ಗಿಸಬೇಕು, ಇಲ್ಲವೇ ಅಡ್ಡಗಟ್ಟೆ ಇಟ್ಟು ನೀರನ್ನು ಏರಿಸಬೇಕು. ನೀವು ಹೋದಾಗ ಮಣ್ಣಿನ ದಂಡೆಯ ಭಾಗದಲ್ಲೊಮ್ಮೆ, ಕಾಂಕ್ರೀಟ್ ಭಾಗದಲ್ಲೊಮ್ಮೆ ಕಿತ್ತಳೆ ಬಿಟ್ಟು ನೋಡಿ. ಎರಡೂ ಕಡೆ ತೂಬಿನ ಎತ್ತರವನ್ನು ಬರೆದುಕೊಂಡು ಬನ್ನಿ.