ಗೊಬ್ಬರದ ಗುಂಡಿಯ ಹುಳಹಾವು: ಭಯವೂ ಬೇಡ, ಬಾಟಲಿಯೂ ಬೇಡ



ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಸಂಘದ ಸದಸ್ಯರೊಬ್ಬರ ಕರೆ ಬಂತು: "ಡಾಕ್ಟ್ರೇ, ಹಸುಗೆ ಹಾವು ಕಚ್ಚಿದೆ." ಹೋಗಿ ನೋಡಿದರೆ, ಕರು ಹಾಕಿ ಎರಡು ದಿನವಾಗಿದ್ದ ಹಸು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿತ್ತು. ಕಿವಿ ತಣ್ಣಗಿದ್ದವು. ಮನೆಯ ಹುಡುಗ ‘ಕಚ್ಚಿದ ಹಾವ’ನ್ನು ಬಾಟಲಿಯಲ್ಲಿ ತಂದು ತೋರಿಸಿದ. ಅದು ಹುಳಹಾವು. ಹಸುವಿಗೆ ಆಗಿದ್ದುದು ಹಾಲುಜ್ವರ. ಕ್ಯಾಲ್ಸಿಯಂ ದ್ರಾವಣವನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟ ಮೇಲೆ ಎದ್ದು ನಿಂತಿತು. ಆದರೆ ಹಾವಿನ ಮದ್ದಿಗಾಗಿ ಅಲೆಯುತ್ತಾ ಮನೆಯವರು ಇಡೀ ರಾತ್ರಿ ಕಳೆದಿದ್ದರು. ಇನ್ನೂ ತಡವಾಗಿದ್ದರೆ ಹಸು ಉಳಿಯುವುದು ಕಷ್ಟವಿತ್ತು.

ಗುರುತಿಸುವುದು ಹೇಗೆ?

ಹುಳಹಾವು ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಉದ್ದ, ಕಪ್ಪು ಅಥವಾ ಕಂದು ಬಣ್ಣ, ಮೈಯೆಲ್ಲ ಹೊಳಪು. ಎರೆಹುಳುವಿನಂತೆ ಕಂಡರೂ ಮೈಮೇಲೆ ಉಂಗುರಗಳಿಲ್ಲ. ಹಾವಿನಂತೆಯೇ ಹೊರಳುತ್ತಾ ನಾಲಿಗೆ ಚಾಚುತ್ತದೆ. ಕಣ್ಣುಗಳು ಪೊರೆಯಡಿ ಎರಡು ಚುಕ್ಕೆ ಮಾತ್ರ. ಇದಕ್ಕೆ ವಿಷವಿಲ್ಲ, ದನವನ್ನೋ ಮನುಷ್ಯರನ್ನೋ ಕಚ್ಚುವಷ್ಟು ದೊಡ್ಡ ಬಾಯಿಯೂ ಇಲ್ಲ. ಹಿಡಿದಾಗ ಬಾಲದ ಮೊನೆಯಿಂದ ಚುಚ್ಚಬಹುದು, ಅದರಿಂದ ಅಪಾಯವಿಲ್ಲ. ಇರುವೆ, ಗೆದ್ದಲುಗಳ ಮೊಟ್ಟೆ ಮತ್ತು ಮರಿಹುಳುಗಳೇ ಇದರ ಆಹಾರ. ಇವುಗಳಲ್ಲಿ ಎಲ್ಲವೂ ಹೆಣ್ಣು. ಗಂಡಿಲ್ಲದೆಯೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಹೂಕುಂಡಗಳ ಮಣ್ಣಿನೊಂದಿಗೆ ಹಲವು ದೇಶಗಳಿಗೂ ಹರಡಿವೆ.

ಸಾಕಬಹುದೇ?

ಆ ಹುಡುಗನೂ ಇದನ್ನೇ ಕೇಳಿದ. ಬೇಡ. ಇದಕ್ಕೆ ಸದಾ ತೇವದ, ಸಡಿಲವಾದ ಮಣ್ಣು ಬೇಕು, ತಿನ್ನಲು ಇರುವೆಮೊಟ್ಟೆ ಬೇಕು. ಒಣ ಬಾಟಲಿಯಲ್ಲಿ ಬೇಗ ಸಾಯುತ್ತದೆ. ದೊಡ್ಡವರು ಗುರುತಿಸಿದ ಮೇಲೆ ಮಕ್ಕಳು ಸ್ವಲ್ಪ ಹೊತ್ತು ನೋಡಲಿ. ನಂತರ ಗೊಬ್ಬರದ ಗುಂಡಿಗೇ ಬಿಡಿ. ಇದನ್ನು ಕೊಲ್ಲಲೆಂದು ಗುಂಡಿಗೆ ಕೀಟನಾಶಕ ಸುರಿಯಬೇಡಿ. ಎರೆಹುಳು ಸಾಯುತ್ತವೆ, ದನಗಳಿಗೂ ವಿಷ ತಗಲಬಹುದು.

ಎಚ್ಚರ ಎಲ್ಲಿ?

ಪೆನ್ಸಿಲ್‌ಗಿಂತ ದಪ್ಪವಿದ್ದರೆ, ಮೈಮೇಲೆ ಬಿಳಿ ಪಟ್ಟೆಯಿದ್ದರೆ, ಕಣ್ಣು ಸ್ಪಷ್ಟವಾಗಿ ಕಂಡರೆ ಅದು ಹುಳಹಾವಲ್ಲ. ವಿಷದ ಹಾವಿನ ಮರಿಯೂ ಇರಬಹುದು. ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ಅನುಮಾನವಿದ್ದರೂ ಹಾಗೆಯೇ ಮಾಡಿ.

ಹಸು ಬಿದ್ದಾಗ ಪಕ್ಕದಲ್ಲಿ ಹಾವು ಕಂಡಿತೆಂದು ಕಾರಣವನ್ನು ನೀವೇ ತೀರ್ಮಾನಿಸಬೇಡಿ. ಹಾವು ಕಚ್ಚಿದ್ದರೂ, ಹಾಲುಜ್ವರವಾಗಿದ್ದರೂ ಕಳೆದುಕೊಳ್ಳಲು ಸಮಯವಿರುವುದಿಲ್ಲ. ಕೂಡಲೇ ಪಶುವೈದ್ಯರಿಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ. ಕರು ಹಾಕಿ ಎಷ್ಟು ದಿನವಾಯಿತು ಎಂಬುದನ್ನು ಮೊದಲು ಹೇಳಿ.