ಯೂಸುಫ್(ಅ)ರ ಅಂಗಿ ಮತ್ತು ಅಪರಾಧಶಾಸ್ತ್ರದ ಓದು

ಕಳೆದ ಜುಮಾ ಖುತುಬಾದಲ್ಲಿ ನಾವು ಸೂರಃ ಯೂಸುಫ್‌ನ ಅಂಗಿಯ ವಿಷಯ ಹೇಳಿದ್ದೆವು. ಸಹೋದರರು ಸುಳ್ಳು ರಕ್ತ ಹಚ್ಚಿ ತಂದ ಅಂಗಿಗೆ ಯಾಕೂಬ್(ಅ) ಮೋಸಹೋಗಲಿಲ್ಲ. ಮುಂದೆ ಈಜಿಪ್ಟಿನಲ್ಲಿ ಯೂಸುಫ್(ಅ)ರ ಮೇಲೆ ಆರೋಪ ಬಂದಾಗ, ಅಂಗಿ ಮುಂದಿನಿಂದ ಹರಿದಿದೆಯೋ ಹಿಂದಿನಿಂದಲೋ ನೋಡಿರೆಂದು ಆರೋಪ ಹೊರಿಸಿದವಳ ಮನೆಯವರಲ್ಲೇ ಒಬ್ಬರು ಹೇಳಿದರು. ಹರಿದದ್ದು ಹಿಂದಿನಿಂದ. ನಿರಪರಾಧಿಯೆಂದು ಗೊತ್ತಾಯಿತು. ಆದರೂ ಸೆರೆಮನೆಗೆ ಹಾಕಿದರು! ಪುರಾವೆ ಸಿಕ್ಕರೆ ಸಾಲದು, ಅದಕ್ಕೆ ತಲೆಬಾಗುವವರು ವ್ಯವಸ್ಥೆಯ ಒಳಗೆ ಇರಬೇಕು.

ನಮಾಝಿನ ನಂತರ ಒಬ್ಬ ತಂದೆ ಬಂದರು. "ಮೌಲಾನಾ, ಮಗಳು ಡಿಗ್ರಿ ಮುಗಿಸಿ ಕ್ರಿಮಿನಾಲಜಿ ಓದ್ತೀನಿ ಅಂತಾಳೆ. ಠಾಣೆ, ಜೈಲು ನಮಗ್ಯಾಕೆ?"

ಅವರ ಅಂಜಿಕೆ ನಮಗೆ ಹೊಸದಲ್ಲ. ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅದನ್ನು ಕೇಳಿದ ತಾಯಿತಂದೆಗೆ ಠಾಣೆಯ ಹೆಸರೇ ಬೇಡವಾಗುತ್ತದೆ. ಆದರೆ ಇದು ಲಾಠಿ ಹಿಡಿಯುವ ಓದಲ್ಲ. ಅಪರಾಧ ಏಕೆ ನಡೆಯುತ್ತದೆ, ಶಿಕ್ಷೆಯಿಂದ ಮನುಷ್ಯ ತಿದ್ದಿಕೊಳ್ಳುತ್ತಾನೆಯೇ, ನೊಂದವರ ಗತಿಯೇನು ಎಂಬುದರ ಎರಡು ವರ್ಷಗಳ ಅಧ್ಯಯನ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಇದಕ್ಕೆ ವಿಭಾಗವಿದೆ. ವಿಧಿವಿಜ್ಞಾನದ ಎಂ.ಎಸ್ಸಿ. ಬೇಕೆಂದರೆ ಮಾತ್ರ ವಿಜ್ಞಾನ ಪದವಿ ಇರಬೇಕು.

ಒಂದು ಹುದ್ದೆಯನ್ನೇ ನೋಡಿ. ಬಾಲನ್ಯಾಯ ಕಾಯ್ದೆ 2015ರಂತೆ, 18 ತುಂಬದ ಹುಡುಗ ಸಿಕ್ಕಿಬಿದ್ದರೆ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, ಎರಡು ವಾರದೊಳಗೆ ಬಾಲನ್ಯಾಯ ಮಂಡಳಿಗೆ ವರದಿ ಕೊಡಬೇಕು. ಮನೆ ಹೇಗಿದೆ, ಶಾಲೆ ಯಾವಾಗ ಬಿಟ್ಟ, ಸಹವಾಸ ಯಾರದು ಎಂದು ಮನೆಮನೆಗೆ ಹೋಗಿ ವಿಚಾರಿಸಿ ಬರೆಯುವ ವರದಿಯದು. ನಮ್ಮ ಮೊಹಲ್ಲಾದ ಮಗುವಿನ ಬಗ್ಗೆ ಅದನ್ನು ಬರೆಯುವವರಿಗೆ ಆ ಗಲ್ಲಿಯ ಪರಿಚಯ, ಆ ತಾಯಿಯ ಭಾಷೆ ಗೊತ್ತಿದ್ದರೆ ಎಷ್ಟು ವ್ಯತ್ಯಾಸ! ಹಾಗೆಂದು ನಮ್ಮವನೆಂದು ಸುಳ್ಳು ಬರೆಯುವಂತಿಲ್ಲ. ತನ್ನ ವಿರುದ್ಧ, ತಂದೆತಾಯಿಯ ವಿರುದ್ಧವಾದರೂ ನ್ಯಾಯಕ್ಕೆ ನಿಲ್ಲಬೇಕೆಂಬುದು ಸೂರಃ ನಿಸಾದ 135ನೇ ವಚನದ ಆದೇಶ.

2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಿ ಪುರಾವೆ ಸಂಗ್ರಹಿಸಬೇಕು. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷಗಳ ಅವಕಾಶವಿದೆ. ಅಂದರೆ ತಜ್ಞರು ಇನ್ನೂ ಬೇಕಾಗುತ್ತಾರೆ.

ಪದವಿ ಬಂದೊಡನೆ ನೌಕರಿ ಎಂದು ನಾವು ಹೇಳುವುದಿಲ್ಲ. ಸರಕಾರಿ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ಇದ್ದೇ ಇದೆ, ನೇಮಕಾತಿಯೂ ನಿಧಾನ. ಓದಿನ ಜೊತೆಗೇ ಪರೀಕ್ಷೆಗೂ ತಯಾರಾಗಬೇಕು.

ಆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆಯಾ?" ಎಂದು ಕೇಳಿದರು. ಬರುವ ಜುಮಾದಂದು ಮಗಳನ್ನೂ ಕರೆದುಕೊಂಡು ಬನ್ನಿ, ಕೂತು ವಿಚಾರಿಸೋಣ ಎಂದಿದ್ದೇವೆ.